ಬೆಂಗಳೂರಿನ ಫಿರಂಗಿ, ಇಟಲಿಯ ಟಗರು

ನಾಯಂಡಹಳ್ಳಿಯಿಂದ ಮೈಸೂರು ರಸ್ತೆ ಹಿಡಿದು ಹೊರಟರೆ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ದಾಟಿ ಮದ್ದೂರು ಸೇರುತ್ತೇವೆ. ದಾರಿಯುದ್ದಕ್ಕೂ ಕೆರೆ, ತೋಟ, ಹೊಲ, ಊರು. ಹೆಚ್ಚುಕಡಿಮೆ ಅಷ್ಟೇ ಉದ್ದದ ಗೆರೆಯೊಂದನ್ನು ಮರವಿಲ್ಲದ, ನೀರಿಲ್ಲದ ಮರುಭೂಮಿಯಲ್ಲಿ ಎಳೆದಂತೆ ಭಾವಿಸಿರಿ. ಅದರ ಉತ್ತರದ ತುದಿ ಮೆಡಿಟರೇನಿಯನ್ ಕಡಲ ದಂಡೆಯ ಗಜಾಲ. ದಕ್ಷಿಣದ ತುದಿ ಬೀರ್ ಹಕೀಂ ಎಂಬ ಹಳೆಯ ಬಾವಿಯ ನೆಲೆ. ೧೯೪೨ರ ಮೇ ತಿಂಗಳಲ್ಲಿ ಲಿಬಿಯದ ಈ ಗೆರೆಯ ಮೇಲೆ ಬ್ರಿಟಿಷರ ಎಂಟನೆಯ ಸೈನ್ಯ ಶತ್ರುವಿಗಾಗಿ ಕಾದು ನಿಂತಿತ್ತು. ಬೀರ್ ಹಕೀಮಿನಿಂದ ಆಗ್ನೇಯಕ್ಕೆ ಕೆಲವು ಮೈಲಿಗಳಾಚೆ, ಬಟ್ಟಬಯಲಿನಲ್ಲಿ, ಬೆಂಗಳೂರಿನಲ್ಲಿ ಹುಟ್ಟಿದ ಒಂದು ಫಿರಂಗಿದಳವೂ ಇತ್ತು.

೧೮೫೭ರ ತರುವಾಯ ಬ್ರಿಟಿಷರು ತಮ್ಮ ಭಾರತ ಸೈನ್ಯದಲ್ಲಿ ಬೆಟ್ಟದ ಫಿರಂಗಿಗಳನ್ನುಳಿದು ದೊಡ್ಡ ಫಿರಂಗಿಗಳನ್ನು ಭಾರತೀಯರ ಕೈಗೆ ಕೊಡಲು ಅಂಜುತ್ತಿದ್ದರು. ಆ ಅಂಜಿಕೆ ಸಡಿಲಿದ್ದು ೧೯೩೫ರ ಜನವರಿ ೧೫ರಂದು, ಬೆಂಗಳೂರಿನಲ್ಲಿ ‘ಎ’ ಫೀಲ್ಡ್ ಬ್ರಿಗೇಡ್ ಕಟ್ಟಿದಾಗ. ಯುದ್ಧಕಾಲದಲ್ಲಿ ಅದೇ ಭಾರತೀಯ ಫಿರಂಗಿದಳದ ಎರಡನೆಯ ಫೀಲ್ಡ್ ರೆಜಿಮೆಂಟ್ ಆಯಿತು. ಅದಕ್ಕೆ ಎದುರಾದದ್ದು ಇಟಲಿಯ ‘ಅರಿಯೆಟೆ’ ಟ್ಯಾಂಕು ಡಿವಿಜನ್. ಅರಿಯೆಟೆ ಎಂದರೆ ಟಗರು.

ಇಟಲಿಯವರು ಮೊದಲಿನಿಂದಲೂ ಇಂಥ ಟಗರನ್ನು ಸಾಕಿದ್ದರೇ? ಇಲ್ಲ. ೧೯೪೦ರ ಜೂನ್‌ನಲ್ಲಿ ಯುದ್ಧಕ್ಕಿಳಿದಾಗ ಲಿಬಿಯದಲ್ಲಿ ಅವರ ಬಳಿ ಇದ್ದವು ಮುನ್ನೂರಕ್ಕೂ ಹೆಚ್ಚು ಪುಟ್ಟ ‘ಎಲ್ ೩’ ಬಂಡಿಗಳು. ಮೂರು ಟನ್ನಿನ ತೂಕ, ಇಬ್ಬರು ಆಳುಗಳು, ಮೆಷಿನ್‌ಗನ್ನು, ಅಷ್ಟೇ. ಅನಂತರ ‘ಎಂ ೧೧’ ಬಂದಿತು. ಅದರ ಮುಖ್ಯ ಫಿರಂಗಿ ತಿರುಗುವ ಗೋಪುರದಲ್ಲಿರದೆ ಒಡಲಿನಲ್ಲಿತ್ತು. ಆ ವರ್ಷದ ಕೊನೆಗೆ ಬಂದ ‘ಎಂ ೧೩’ ಮಾತ್ರ ಗೋಪುರದಲ್ಲಿ ೪೭ ಮಿಲಿಮೀಟರಿನ ಫಿರಂಗಿ ಹೊತ್ತಿತ್ತು.

ಯಂತ್ರದ ಕೊರತೆಗಿಂತ ದೊಡ್ಡದು ವ್ಯವಸ್ಥೆಯ ಕೊರತೆ. ಆಗಸ್ಟ್‌ನಲ್ಲಿ ಜನರಲ್ ಬಬೀನಿಯ ಕೈಕೆಳಗೆ ಟ್ಯಾಂಕುಗಳಿಗೊಂದು ಅಧಿಪತ್ಯವೇನೋ ಏರ್ಪಟ್ಟಿತು. ಆದರೂ ಬೆಟಾಲಿಯನ್ನುಗಳು ಕಾಲಾಳು ಪಡೆಗಳಿಗೆ ಅಲ್ಲಿಷ್ಟು ಇಲ್ಲಿಷ್ಟು ಹಂಚಿಹೋಗಿದ್ದವು. ಡಿಸೆಂಬರ್ ೯ರ ಬೆಳಗ್ಗೆ ನಿಬೇವಾ ಶಿಬಿರದ ಮೇಲೆ ಬ್ರಿಟಿಷ್ ಮಟಿಲ್ಡಾ ಟ್ಯಾಂಕುಗಳೂ ನಾಲ್ಕನೆಯ ಭಾರತೀಯ ಡಿವಿಜನ್ನಿನ ಸೈನಿಕರೂ ಜೊತೆಗೂಡಿ ಬಿದ್ದಾಗ, ಹೊರಗೆ ನಿಂತಿದ್ದ ಇಪ್ಪತ್ತಕ್ಕೂ ಹೆಚ್ಚು ‘ಎಂ ೧೧’ ಟ್ಯಾಂಕುಗಳು ಸಿಬ್ಬಂದಿ ಹತ್ತಿ ಕೂರುವ ಮೊದಲೇ ನಾಶವಾದವು. ಜನರಲ್ ಮಲೆಟ್ಟಿ ಮಡಿದರು.

೧೯೪೧ರ ಫೆಬ್ರವರಿಯಲ್ಲಿ ಬೇಡ ಫೋಮ್ ಎಂಬಲ್ಲಿ ಇನ್ನೊಂದು ಕೊರತೆ ಬಯಲಾಯಿತು. ಮನೆಯಲ್ಲಿ ರೇಡಿಯೊ ಇಟ್ಟುಕೊಂಡವರು ಇದನ್ನು ಚೆನ್ನಾಗಿ ಬಲ್ಲರು. ಇಟಲಿಯ ಹೆಚ್ಚಿನ ಟ್ಯಾಂಕುಗಳಲ್ಲಿ ರೇಡಿಯೊ ಇರಲಿಲ್ಲ! ನಾಯಕನು ಬಾವುಟ ಬೀಸಿ ಅಪ್ಪಣೆ ಕೊಡಬೇಕು. ಧೂಳಿನಲ್ಲಿ ಅದನ್ನು ಕಾಣುವವರಾರು? ಟ್ಯಾಂಕುಗಳು ತುಕಡಿ ತುಕಡಿಯಾಗಿ ಮುನ್ನುಗ್ಗಿ, ತುಕಡಿ ತುಕಡಿಯಾಗಿಯೇ ಹಾಳಾದವು. ಎರಡು ತಿಂಗಳಲ್ಲಿ ಇಟಲಿ ಕಳೆದುಕೊಂಡದ್ದು ಸುಮಾರು ೪೦೦ ಟ್ಯಾಂಕು; ಸೆರೆಸಿಕ್ಕವರು ಸುಮಾರು ೧,೩೦,೦೦೦ ಮಂದಿ. ಆಫ್ರಿಕದ ಸೆರೆಯಾಳುಗಳಲ್ಲಿ ಸಾವಿರಾರು ಜನರನ್ನು ನಮ್ಮ ಬೆಂಗಳೂರಿನ ಶಿಬಿರಗಳಿಗೂ ಕರೆತಂದರು.

ಅದೇ ವರ್ಷದ ಆರಂಭದಲ್ಲಿ ಆಫ್ರಿಕಕ್ಕೆ ಬಂದಿಳಿದ ಅರಿಯೆಟೆಯ ಕಟ್ಟಡವೇ ಬೇರೆ. ಸುಮಾರು ೫೦ ಟ್ಯಾಂಕುಗಳ ಬೆಟಾಲಿಯನ್ನುಗಳು ಮೂರು ಸೇರಿ ೧೩೨ನೆಯ ಟ್ಯಾಂಕು ರೆಜಿಮೆಂಟು. ಅದರ ಜೊತೆಗೆ ಲಾರಿಗಳಲ್ಲಿ ಸಾಗುವ ಬೆರ್ಸಾಲಿಯೇರಿ ಕಾಲಾಳುಗಳು. ಅವರ ಬೆನ್ನಿಗೆ ಫಿರಂಗಿಗಳು. ಮೂವರೂ ಒಬ್ಬನೇ ಜನರಲನ ಮಾತು ಕೇಳುವವರು. ೧೯೪೧ರ ನವೆಂಬರ್ ೧೯ರಂದು ಬೀರ್ ಎಲ್ ಗುಬಿಯಲ್ಲಿ ಅವರು ಬ್ರಿಟಿಷ್ ಟ್ಯಾಂಕು ಬ್ರಿಗೇಡೊಂದನ್ನು ತಡೆದು ನಿಲ್ಲಿಸಿದಾಗ ನಕ್ಕವರ ನಗೆ ಅಡಗಿತು.

ಈಗ ೧೯೪೨ರ ಮೇ ೨೭ಕ್ಕೆ ಬರೋಣ. ಮೂರನೆಯ ಭಾರತೀಯ ಮೋಟಾರ್ ಬ್ರಿಗೇಡಿನಲ್ಲಿ ಕುದುರೆ ಬಿಟ್ಟು ಮೋಟಾರು ಹತ್ತಿದ ಮೂರು ಸವಾರ ದಳಗಳಿದ್ದವು. ಜೊತೆಗೆ ನಮ್ಮ ಫೀಲ್ಡ್ ರೆಜಿಮೆಂಟು. ಟ್ಯಾಂಕು ಒಂದೂ ಇರಲಿಲ್ಲ. ಆರೂವರೆಯ ಸುಮಾರಿಗೆ ಅರಿಯೆಟೆ ಮೇಲೇರಿ ಬಂತು: ಎರಡು ಬೆಟಾಲಿಯನ್ ಮುಂದೆ, ಒಂದು ಹಿಂದೆ. ಗೋಲಂದಾಜರು ತಮ್ಮ ಇಪ್ಪತ್ತೈದು ಪೌಂಡಿನ ಫಿರಂಗಿಗಳನ್ನು ನೇರ ಗುರಿಗೆ ತಗ್ಗಿಸಿ ಹೊಡೆದರು. ಇಪ್ಪತ್ತಕ್ಕೂ ಹೆಚ್ಚು ಟ್ಯಾಂಕುಗಳು ಪೆಟ್ಟು ತಿಂದು ನಿಂತವು. ಆದರೆ ಹೊತ್ತೇರುವುದರೊಳಗೆ ಬ್ರಿಗೇಡು ಮುರಿದುಬಿತ್ತು. ಸತ್ತವರೂ ಗಾಯಗೊಂಡವರೂ ನಾನೂರಕ್ಕೂ ಹೆಚ್ಚು. ಅಂದಿನ ಶೌರ್ಯಕ್ಕಾಗಿ ಡಿ.ಎಸ್.ಒ. ಪದಕ ಪಡೆದ ಪಿ. ಪಿ. ಕುಮಾರಮಂಗಲಂ ಸೆರೆಸಿಕ್ಕರು, ೧೯೬೬ರಲ್ಲಿ ಅವರೇ ಸ್ವತಂತ್ರ ಭಾರತದ ಭೂಸೇನೆಯ ದಂಡನಾಯಕರಾದರು.

ವಿಚಿತ್ರವೆಂದರೆ, ಗೆದ್ದ ಅರಿಯೆಟೆಗೆ ಅದೇ ಬೆಳಗ್ಗೆ ಪಾಠವೂ ಕಾದಿತ್ತು. ಅದರ ಒಂಬತ್ತನೆಯ ಬೆಟಾಲಿಯನ್ ಗೆಲುವಿನ ಬಿಸಿಯಲ್ಲಿ, ಕಾಲಾಳುಗಳನ್ನೂ ಫಿರಂಗಿಗಳನ್ನೂ ಕಾಯದೆ, ಫ್ರೆಂಚರು ಕಾಯುತ್ತಿದ್ದ ಬೀರ್ ಹಕೀಮಿನ ಮೇಲೆ ನುಗ್ಗಿತು. ನೆಲಬಾಂಬುಗಳಿಗೂ ಫ್ರೆಂಚ್ ಫಿರಂಗಿಗಳಿಗೂ ಸಿಕ್ಕಿ ಮೂವತ್ತಕ್ಕೂ ಹೆಚ್ಚು ಟ್ಯಾಂಕುಗಳನ್ನು ಕಳೆದುಕೊಂಡಿತು. ಕೂಡಿ ಬಂದಾಗ ಗೆದ್ದವರೇ ಅಗಲಿ ಹೋದಾಗ ಸೋತರು. ೧೯೪೦ರಲ್ಲಿ ಇಟಲಿಯವರು ಮಾಡಿದ್ದ ತಪ್ಪನ್ನೇ ಬ್ರಿಟಿಷ್ ಸೇನಾಪತಿಗಳು ಅಂದು ಮಾಡಿದ್ದರು. ಟ್ಯಾಂಕುಗಳ ಆಸರೆಯಿಲ್ಲದೆ ಒಂದು ಬ್ರಿಗೇಡನ್ನು ಬಯಲಿನಲ್ಲಿ ಒಂಟಿಯಾಗಿ ನಿಲ್ಲಿಸಿದ್ದರು. ಅದರ ಬೆಲೆ ತೆತ್ತವರು ನಮ್ಮವರು.

ಅರಿಯೆಟೆಯೂ ಉಳಿಯಲಿಲ್ಲ. ಅದೇ ವರ್ಷ ನವೆಂಬರ್ ೪ರಂದು ಅಲ್ ಅಲಮೈನ್ ಕಾಳಗದಲ್ಲಿ ಸುತ್ತುಗಟ್ಟಲ್ಪಟ್ಟು ನಾಶವಾಯಿತು.

ಮೇ ತಿಂಗಳ ಆ ಕಾಳಗದ ಬಳಿಕ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಸೆರೆಸಿಕ್ಕ ಭಾರತೀಯರಲ್ಲಿ ನೂರಾರು ಮಂದಿಗೆ ಕೊಡಲು ನೀರಿಲ್ಲವೆಂದು ಶತ್ರುಗಳು ಅವರನ್ನು ಮರುಭೂಮಿಯಲ್ಲೇ ಬಿಟ್ಟುಬಿಟ್ಟರು. ಬಾಯಾರಿ ನಡೆದು ಅವರು ಬೀರ್ ಹಕೀಂ ಸೇರಿದರು. ಮುತ್ತಿಗೆಗೆ ಸಿಕ್ಕಿ ನೀರನ್ನು ಅಳೆದು ಕುಡಿಯುತ್ತಿದ್ದ ಫ್ರೆಂಚರು ತಮ್ಮ ಪಾಲಿನಲ್ಲೇ ಅವರಿಗೂ ನೀರು ಕೊಟ್ಟರು.