ಹವಾಲ್ದಾರನ ಲೆಕ್ಕ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ತಾಲ್ಲೂಕುಗಳ ಶಾಲೆಗಳಲ್ಲಿ ನಾನು ಗಣಿತ ಬೋಧಿಸಿದ್ದೇನೆ. ನನ್ನ ತರಗತಿಗಳಿಂದ ಸೈನ್ಯಕ್ಕೆ ಹೋದ ಹುಡುಗರು ಕಡಿಮೆಯೇನಲ್ಲ. 1834ರಿಂದಲೂ ಮದ್ರಾಸ್ ಸ್ಯಾಪರ್ಸ್ ಪಡೆಯ ನೆಲೆ ಬೆಂಗಳೂರಿನಲ್ಲಿದ್ದುದರಿಂದ ಸೈನ್ಯವೆಂಬುದು ನಮ್ಮ ಕಡೆಯವರಿಗೆ ದೂರದ ಮಾತಾಗಿರಲಿಲ್ಲ. ಅಂಥವರಲ್ಲೊಬ್ಬನು, ಹವಾಲ್ದಾರನಾಗಿ ನಿವೃತ್ತನಾಗಿ ಮುಳಬಾಗಿಲು ಕಡೆಯ ತನ್ನ ಹಳ್ಳಿಯಲ್ಲಿ ಟೊಮೆಟೊ ಬೆಳೆಯುತ್ತಿದ್ದವನು, 2016ರ ಕೊನೆಯಲ್ಲಿ ಪಾಸ್‌ಬುಕ್ಕನ್ನೂ ಪಿಂಚಣಿ ಆದೇಶದ ಪ್ರತಿಯನ್ನೂ ಹಿಡಿದು ಮನೆಗೆ ಬಂದನು.

“ಸಾರ್, ನನ್ನ ಜೊತೇಲೇ ರಿಟೈರ್ ಆದವನಿಗೆ ನನಗಿಂತ ಜಾಸ್ತಿ ಬರ್ತಾ ಐತೆ. ಕೇಳೋಕೆ ಸಂಕೋಚ. ಸರ್ಕಾರ ಕೊಟ್ಟಿದ್ದನ್ನ ಎಣಿಸಿ ನೋಡೋದಾ? ಕೇಳಿದ್ಮೇಲೆ, ಇರೋದನ್ನೂ ಹಿಡ್ಕೊಂಡ್ರೆ?”

ಅವನ ಸಂಕೋಚಕ್ಕೆ ಒಂದು ಚರಿತ್ರೆಯೇ ಇದೆ. ಬ್ರಿಟಿಷರು 1871ರಲ್ಲಿ ಮಾಡಿದ ಪಿಂಚಣಿ ಕಾಯಿದೆಯ ಪ್ರಕಾರ, ಸರ್ಕಾರ ದಯಪಾಲಿಸಿದ ಪಿಂಚಣಿಯ ವಿಷಯವಾಗಿ ಅಧಿಕಾರಿಯ ಒಪ್ಪಿಗೆ ಪತ್ರವಿಲ್ಲದೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವಂತಿರಲಿಲ್ಲ. ಕೊಟ್ಟಷ್ಟನ್ನು ಕೈಮುಗಿದು ಪಡೆಯಬೇಕು, ಅಷ್ಟೇ. ಸರಿಯಾಗಿ ನೂರು ವರ್ಷಗಳ ತರುವಾಯ, 1971ರಲ್ಲಿ, ದೇವಕಿನಂದನ ಪ್ರಸಾದ್ ಎಂಬ ಬಿಹಾರದ ಶಿಕ್ಷಣ ಇಲಾಖೆಯ ಅಧಿಕಾರಿಯ (ನಮ್ಮ ಇಲಾಖೆಯವರೆಂದು ನನಗೆ ಕೊಂಚ ಹೆಮ್ಮೆ) ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಭಾವನೆಯನ್ನು ತಳ್ಳಿಹಾಕಿತು. ಪಿಂಚಣಿಯು ಮರ್ಜಿಯಿಂದ ಬರುವ ದಾನವಲ್ಲ, ನಿಯಮಗಳಿಂದ ಬರುವ ಹಕ್ಕು, ನೌಕರನ ಸ್ವತ್ತು ಎಂದಿತು.

ಹಕ್ಕೆಂದಾದ ಮೇಲೆ ಲೆಕ್ಕದ ಪ್ರಶ್ನೆ ಎದ್ದಿತು. 1979ರಲ್ಲಿ ಕೇಂದ್ರ ಸರ್ಕಾರವು ಕೊನೆಯ 36 ತಿಂಗಳ ವೇತನದ ಸರಾಸರಿಗೆ ಬದಲಾಗಿ ಕೊನೆಯ 10 ತಿಂಗಳ ಸರಾಸರಿಯ ಮೇಲೆ ಪಿಂಚಣಿ ಕಟ್ಟುವ ಸೂತ್ರವನ್ನು ತಂದಿತು. ವೇತನ ವರ್ಷವರ್ಷಕ್ಕೂ ಏರುವುದರಿಂದ, ಸರಾಸರಿಯ ಅವಧಿ ಕಿರಿದಾದಷ್ಟೂ ಮೊತ್ತ ಹಿರಿದಾಗುತ್ತದೆ. ನನ್ನ ಎಂಟನೆಯ ತರಗತಿಯವರಿಗೂ ಇದು ತಿಳಿಯುವಂಥದು. ಆದರೆ ಈ ಲಾಭ ಸಿವಿಲ್ ನೌಕರರಲ್ಲಿ 1979ರ ಮಾರ್ಚ್ 31ರಂದು ಅಥವಾ ಅನಂತರ, ಸೈನ್ಯದಲ್ಲಿ ಏಪ್ರಿಲ್ 1ರಂದು ಅಥವಾ ಅನಂತರ ನಿವೃತ್ತರಾದವರಿಗೆ ಮಾತ್ರ. ಒಂದು ದಿನ ಮೊದಲು ಹೊರಬಂದವನಿಗೆ ಹಳೆಯ ಸೂತ್ರವೇ. ರಕ್ಷಣಾ ಸಚಿವಾಲಯದ ಹಣಕಾಸು ಸಲಹೆಗಾರರಾಗಿ 1972ರಲ್ಲಿ ನಿವೃತ್ತರಾಗಿದ್ದ ಡಿ.ಎಸ್. ನಕಾರಾ, ರಿಯರ್ ಅಡ್ಮಿರಲ್ ಹುದ್ದೆಯಿಂದ ನಿವೃತ್ತರಾದ ನೌಕಾಪಡೆಯ ಅಧಿಕಾರಿಯೊಬ್ಬರು ಹಾಗೂ ಒಂದು ಸಂಘವು ಕೂಡಿ ಇದನ್ನು ಪ್ರಶ್ನಿಸಿದರು. 1982ರ ಡಿಸೆಂಬರ್ 17ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಆ ದಿನಾಂಕದ ಗೆರೆಯನ್ನು ಅಳಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ಡಿ.ಎ. ದೇಸಾಯಿ. ಡಿಸೆಂಬರ್ 17 ಪಿಂಚಣಿದಾರರ ದಿನವಾದುದು ಹೀಗೆ.

ಅವನ ಎರಡನೆಯ ಭಯಕ್ಕೆ ಉತ್ತರ 2006ರ ಕರ್ನಲ್ ಬಿ.ಜೆ. ಅಕ್ಕರ ಮೊಕದ್ದಮೆಯಲ್ಲಿದೆ. ಸೈನ್ಯದ ನಿವೃತ್ತ ವೈದ್ಯರು ತಮ್ಮ ಪಿಂಚಣಿ ಲೆಕ್ಕದ ವಾದದಲ್ಲಿ ಸೋತರು. ಆದರೆ ತಪ್ಪು ಅವರದಲ್ಲದ್ದರಿಂದ, ಅದಾಗಲೇ ಪಾವತಿಯಾದ ಹೆಚ್ಚುವರಿ ಹಣವನ್ನು ಅವರಿಂದ ವಸೂಲು ಮಾಡಬಾರದೆಂದು ನ್ಯಾಯಾಲಯ ತಡೆಯಿತು. ಆ ತೀರ್ಪನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್.

ಇಷ್ಟು ಹೇಳಿ ಕಾಗದಗಳನ್ನು ಬಿಡಿಸಿದೆ. 2015ರ ನವೆಂಬರ್ 7ರ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ ಆದೇಶದಂತೆ, 2014ರ ಜುಲೈ 1ರಿಂದ ಅನ್ವಯವಾಗುವ ಕೋಷ್ಟಕಗಳು 2016ರಲ್ಲಿ ಬಂದಿದ್ದವು. ಹುದ್ದೆ, ಗುಂಪು, ಸೇವಾವಧಿ ಈ ಮೂರನ್ನು ಹಿಡಿದು ಮೊತ್ತ ನೋಡಬೇಕು, ಮಗ್ಗಿಯ ಪುಸ್ತಕ ನೋಡಿದಂತೆ. ಆದೇಶದಲ್ಲಿ ಹವಾಲ್ದಾರ್ ಎಂದಿತ್ತು. ಬ್ಯಾಂಕಿನವರು ಹಾಕಿದ್ದುದು ನಾಯಕ್ ಹುದ್ದೆಯ ಮೊತ್ತ. ಇಪ್ಪತ್ತು ವರ್ಷ ದುಡಿದು ಪಡೆದ ಪಟ್ಟಿಯೊಂದು ಗುಮಾಸ್ತರ ಕೈಯಲ್ಲಿ ಬಿದ್ದುಹೋಗಿತ್ತು! ಅವನು ಬಹಳ ಹೊತ್ತು ಮಾತನಾಡಲಿಲ್ಲ. ಹಣಕ್ಕಿಂತ ಹೆಚ್ಚಾಗಿ ಅದೇ ಅವನನ್ನು ನೋಯಿಸಿತೆಂದು ತೋರಿತು.

ಇಬ್ಬರೂ ಕುಳಿತು ಅರ್ಜಿ ಬರೆದೆವು. ಬ್ಯಾಂಕು ಒಪ್ಪದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕಾಗುತ್ತಿತ್ತು. 2009ರಲ್ಲಿ ಆರಂಭವಾದ ಈ ಮಂಡಳಿಯಲ್ಲಿ ಕರ್ನಾಟಕದವರ ಪಾಲಿಗಿರುವುದು ಕೊಚ್ಚಿಯ ಪೀಠ. ಮುಳಬಾಗಿಲಿನ ರೈತನಿಗೆ ಕೊಚ್ಚಿ! ಅದರ ಅಗತ್ಯ ಬೀಳಲಿಲ್ಲ. ಮೂರನೆಯ ಅರ್ಜಿಯ ನಂತರ ಮೊತ್ತ ಸರಿಯಾಯಿತು, ಬಾಕಿಯೂ ಬಂದಿತು.

ಮರುತಿಂಗಳು ಅವನು ಅದೇ ಹಳ್ಳಿಯ ಇನ್ನೊಬ್ಬ ಸೈನಿಕನ ವಿಧವೆಯನ್ನು ಕರೆತಂದನು. ಆಕೆಯ ಕುಟುಂಬ ಪಿಂಚಣಿಯ ಲೆಕ್ಕ ಸರಿಯಾಗಿಯೇ ಇತ್ತು. ಆಕೆ ಎರಡು ಸಲ ಕೇಳಿ ಖಚಿತಪಡಿಸಿಕೊಂಡು, ಕಾಫಿ ಕುಡಿದು, ಬಸ್ಸಿಗೆ ಹೊರಟರು.