ನ್ಯಾಯಪೀಠದಿಂದ ಸಭಾಧ್ಯಕ್ಷ ಪೀಠಕ್ಕೆ: ಕೆ. ಎಸ್. ಹೆಗ್ಡೆಯವರ ಸಾರ್ವಜನಿಕ ಬದುಕು

ನ್ಯಾಯಾಧೀಶರಾಗಿದ್ದವರು ರಾಜಕಾರಣಕ್ಕೆ ಬರುವುದು ಸಾಧುವೇ ಎಂಬ ಪ್ರಶ್ನೆ ಸ್ವತಂತ್ರ ಭಾರತದಲ್ಲಿ ಮತ್ತೆ ಮತ್ತೆ ಎದ್ದಿದೆ. ಈ ಪ್ರಶ್ನೆಯನ್ನು ಚಾರಿತ್ರಿಕವಾಗಿ ಪರಿಶೀಲಿಸಲು ಕರ್ನಾಟಕದವರೇ ಆದ ಕೌಡೂರು ಸದಾನಂದ ಹೆಗ್ಡೆಯವರ (1909–1990) ಬದುಕು ಮಹತ್ವದ ನಿದರ್ಶನವಾಗಿದೆ.

ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಜನಿಸಿದ ಹೆಗ್ಡೆಯವರು ಮಂಗಳೂರು ಮತ್ತು ಮದರಾಸುಗಳಲ್ಲಿ ವ್ಯಾಸಂಗ ಮಾಡಿ ವಕೀಲಿ ವೃತ್ತಿಯನ್ನು ಕೈಗೊಂಡರು. ದಕ್ಷಿಣ ಕನ್ನಡವಿನ್ನೂ ಮದರಾಸು ರಾಜ್ಯಕ್ಕೆ ಸೇರಿದ್ದಾಗ, 1952ರಲ್ಲಿ, ಕಾಂಗ್ರೆಸ್ಸಿನಿಂದ ರಾಜ್ಯಸಭೆಯನ್ನು ಪ್ರವೇಶಿಸಿದರು. 1957ರಲ್ಲಿ ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. 1966ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಪ್ರಥಮ ಮುಖ್ಯ ನ್ಯಾಯಮೂರ್ತಿಗಳಾಗಿ, ಮರುವರ್ಷ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಕಗೊಂಡರು. ಅಂದರೆ, ರಾಜಕಾರಣ ಅವರಿಗೆ ನಿವೃತ್ತಿಯ ನಂತರ ದೊರೆತ ಹೊಸ ಕ್ಷೇತ್ರವಾಗಿರಲಿಲ್ಲ.

ಅವರ ತೀರ್ಪುಗಳಲ್ಲಿ 1969ರ ಕ್ರೈಪಕ್ ಪ್ರಕರಣ ಗಮನಾರ್ಹವಾದುದು. ಜಮ್ಮು ಮತ್ತು ಕಾಶ್ಮೀರದ ಅರಣ್ಯಾಧಿಕಾರಿಗಳನ್ನು ಭಾರತೀಯ ಅರಣ್ಯ ಸೇವೆಗೆ ಆರಿಸುವ ಮಂಡಳಿಯಲ್ಲಿ ಅಭ್ಯರ್ಥಿಯೊಬ್ಬರೇ ಸದಸ್ಯರಾಗಿದ್ದರು. ತಮ್ಮ ಹೆಸರಿನ ಪರಿಶೀಲನೆಯ ವೇಳೆ ಅವರು ಹೊರಗಿದ್ದರೂ, ಪ್ರತಿಸ್ಪರ್ಧಿಗಳ ವಿಚಾರದಲ್ಲಿ ಪಾಲ್ಗೊಂಡಿದ್ದರು. ಪಕ್ಷಪಾತ ನಡೆದಿದೆಯೆಂದು ಸಿದ್ಧಪಡಿಸಬೇಕಿಲ್ಲ, ಅದು ನಡೆಯುವ ಸಕಾರಣ ಸಂಭವವಿದ್ದರೆ ಸಾಕು ಎಂದು ಹೇಳಿ ನ್ಯಾಯಪೀಠ ಆ ಆಯ್ಕೆಯನ್ನು ಅಸಿಂಧುಗೊಳಿಸಿತು. ಸಹಜ ನ್ಯಾಯದ ತತ್ತ್ವಗಳು ಆಡಳಿತಾತ್ಮಕ ನಿರ್ಣಯಗಳಿಗೂ ಅನ್ವಯಿಸುತ್ತವೆಂಬ ನಿಲುವು ಇದರಿಂದ ಬಲಗೊಂಡಿತು.

1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ ಹದಿಮೂವರು ನ್ಯಾಯಮೂರ್ತಿಗಳ ಪೀಠವು, ಸಂವಿಧಾನದ ಮೂಲ ಸಂರಚನೆಯನ್ನು ಸಂಸತ್ತು ತಿದ್ದುಪಡಿಯ ಮೂಲಕ ನಾಶಪಡಿಸಲಾಗದೆಂದು 7–6ರ ಬಹುಮತದಿಂದ ತೀರ್ಪಿತ್ತಿತು. ಹೆಗ್ಡೆಯವರು ಬಹುಮತದ ಪಕ್ಷದಲ್ಲಿದ್ದರು. ಅದರ ಬೆನ್ನಿಗೇ ಸರಕಾರವು ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರ ಜ್ಯೇಷ್ಠತೆಯನ್ನು ಕಡೆಗಣಿಸಿ, ಭಿನ್ನಮತದ ಪಕ್ಷದಲ್ಲಿದ್ದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಿತು. ಮೂವರೂ ರಾಜೀನಾಮೆ ಇತ್ತರು. ಜ್ಯೇಷ್ಠತೆಯೊಂದೇ ಮಾನದಂಡವಾಗಬಾರದೆಂಬ ಕಾನೂನು ಆಯೋಗದ ಹಳೆಯ ಅಭಿಪ್ರಾಯವನ್ನು ಸರಕಾರ ಸಮರ್ಥನೆಗೆ ಬಳಸಿತಾದರೂ, ನೇಮಕದ ಸಮಯವೇ ಆ ಸಮರ್ಥನೆಯನ್ನು ದುರ್ಬಲಗೊಳಿಸಿತು.

1977ರ ಚುನಾವಣೆಯಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳ ಪೈಕಿ 26 ಕಾಂಗ್ರೆಸ್ಸಿನ ಪಾಲಾದವು. ಜನತಾ ಪಕ್ಷಕ್ಕೆ ದೊರೆತ ಎರಡರಲ್ಲೊಂದು ಹೆಗ್ಡೆಯವರು ಗೆದ್ದ ಬೆಂಗಳೂರು ದಕ್ಷಿಣ. ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದಾಗ, ಅದೇ ವರ್ಷದ ಜುಲೈಯಲ್ಲಿ ಹೆಗ್ಡೆಯವರು ಲೋಕಸಭಾಧ್ಯಕ್ಷರಾದರು.

ಅವರ ಬದುಕಿನ ಕಠಿಣ ಪ್ರಶ್ನೆ ಎದುರಾಗುವುದು ಇಲ್ಲಿಯೇ. ಚಿಕ್ಕಮಗಳೂರಿನಿಂದ ಆಯ್ಕೆಯಾಗಿದ್ದ ಇಂದಿರಾ ಗಾಂಧಿಯವರನ್ನು 1978ರ ಡಿಸೆಂಬರ್ 19ರಂದು ಲೋಕಸಭೆಯು ಹಕ್ಕುಚ್ಯುತಿಗಾಗಿ ಉಚ್ಚಾಟಿಸಿ ಸೆರೆಮನೆಗೆ ಕಳುಹಿಸಿತು. ಐದು ವರ್ಷಗಳ ಹಿಂದೆ ಯಾರ ಸರಕಾರ ಅವರಿಗೆ ಪದೋನ್ನತಿಯನ್ನು ನಿರಾಕರಿಸಿತ್ತೋ ಅವರ ಕುರಿತ ನಿರ್ಣಯವು ಹೆಗ್ಡೆಯವರ ಅಧ್ಯಕ್ಷಾವಧಿಯಲ್ಲಿಯೇ ಅಂಗೀಕೃತವಾಯಿತು. ನಿರ್ಣಯ ಸದನದ್ದೇ ಹೊರತು ಸಭಾಧ್ಯಕ್ಷರದಲ್ಲ ಎಂಬುದು ನಿಜ. ಆದರೂ ಕ್ರೈಪಕ್ ಪ್ರಕರಣದಲ್ಲಿ ಅವರೇ ನಿಗದಿಪಡಿಸಿದ ಅಳತೆಗೋಲಿನಿಂದ ನೋಡಿದರೆ ಪ್ರಶ್ನೆ ಉಳಿಯುತ್ತದೆ. ಅವರ ನಡವಳಿಕೆ ನಿಷ್ಪಕ್ಷಪಾತವಾಗಿತ್ತೆಂದು ಒಪ್ಪಿದರೂ ಅದು ತೊಡೆದುಹೋಗುವುದಿಲ್ಲ. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದುಪಡಿಸಿತು.

1980ರ ಜನವರಿಯಲ್ಲಿ ಅವರ ಅಧ್ಯಕ್ಷಾವಧಿ ಮುಗಿಯಿತು. ಅದೇ ವರ್ಷ ಸ್ಥಾಪನೆಗೊಂಡ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರಲ್ಲಿ ಅವರೂ ಒಬ್ಬರಾಗಿದ್ದರು. ನಿಟ್ಟೆಯಲ್ಲಿ ಅವರು ಕಟ್ಟಿದ ವಿದ್ಯಾಸಂಸ್ಥೆಯೂ ಸ್ಮರಣೀಯ. ಆದರೆ ಚರಿತ್ರೆಯಲ್ಲಿ ಅವರ ಸ್ಥಾನವನ್ನು ನಿರ್ಧರಿಸುವುದು ಪಕ್ಷರಾಜಕಾರಣವಲ್ಲ. 1977ರ ಜನವರಿಯಲ್ಲಿ ಎಚ್. ಆರ್. ಖನ್ನಾ ಅವರನ್ನು ಕಡೆಗಣಿಸಿದ ತರುವಾಯ ಮುಖ್ಯ ನ್ಯಾಯಮೂರ್ತಿಗಳ ನೇಮಕದಲ್ಲಿ ಜ್ಯೇಷ್ಠತೆಯ ಉಲ್ಲಂಘನೆ ನಡೆದಿಲ್ಲ. ಆ ಸಂಪ್ರದಾಯ ಗಟ್ಟಿಗೊಂಡುದರ ಹಿಂದೆ 1973ರ ಮೂರು ರಾಜೀನಾಮೆಗಳ ನೆನಪೂ ಇದೆ.