ಗಾಂಜಾ ಗಿಡದ ಭಾಗಗಳು: ಔಷಧ ಗುಣದ ನಂಬಿಕೆ ಮತ್ತು ಪುರಾವೆ

ಗಾಂಜಾ (ಕ್ಯಾನಬಿಸ್ ಸಟೈವಾ) ಕ್ಯಾನಬೇಸಿ ಕುಟುಂಬಕ್ಕೆ ಸೇರಿದ ಏಕವಾರ್ಷಿಕ ಸಸ್ಯ. ಇದರಲ್ಲಿ ಕ್ಯಾನಬಿನಾಯ್ಡ್ ಎಂಬ ನೂರಕ್ಕೂ ಹೆಚ್ಚು ಸಂಯುಕ್ತಗಳು ಪತ್ತೆಯಾಗಿವೆ. ಮತ್ತು ಬರಿಸುವ ಟಿಎಚ್‌ಸಿ ಮತ್ತು ಹಾಗೆ ಮತ್ತೇರಿಸದ ಸಿಬಿಡಿ ಇವುಗಳಲ್ಲಿ ಮುಖ್ಯವಾದವು. ಇಡೀ ಗಿಡವೇ ಸಂಜೀವಿನಿ ಎಂಬ ಪ್ರಚಾರ ಜೋರಾಗಿದ್ದರೂ, ಪುರಾವೆ ದೊರೆತಿರುವುದು ಗೊತ್ತಾದ ಸಂಯುಕ್ತವನ್ನು ಗೊತ್ತಾದ ಪ್ರಮಾಣದಲ್ಲಿ ಕೊಟ್ಟು ನೋಡಿದ ಕೆಲವೇ ಕಾಯಿಲೆಗಳಲ್ಲಿ.

ಹೂವು: ಹೆಣ್ಣು ಹೂವನ್ನು ಸುತ್ತಿಕೊಂಡ ಪುಟ್ಟ ಎಸಳೆಲೆಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ, ಸಣ್ಣ ತೊಟ್ಟಿನ ತುದಿಗೆ ಗುಂಡು ತಲೆಯುಳ್ಳ ರೋಮಗ್ರಂಥಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಕ್ಯಾನಬಿನಾಯ್ಡ್‌ಗಳು ತಯಾರಾಗುವುದು ಬಹುಮಟ್ಟಿಗೆ ಇಲ್ಲಿಯೇ. ಅಂಗೈಗಳ ನಡುವೆ ಉಜ್ಜಿದಾಗ ಕಪ್ಪಗೆ ಮೆತ್ತಿಕೊಳ್ಳುವ ಈ ಗ್ರಂಥಿಗಳ ಅಂಟೇ ಚರಸ್. ಹಸಿ ಗಿಡದಲ್ಲಿ ಟಿಎಚ್‌ಸಿ ಬಹುಪಾಲು ಮತ್ತು ಬರಿಸದ ಆಮ್ಲರೂಪದಲ್ಲಿರುತ್ತದೆ. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಕಳಚಿ ಟಿಎಚ್‌ಸಿ ಆಗುತ್ತದೆ. ಇಸ್ರೇಲಿನ ರಫೇಲ್ ಮೆಕೂಲಂ ಮತ್ತು ಯೆಖಿಯೆಲ್ ಗಾವೊನಿ 1964ರಲ್ಲಿ ಇದನ್ನು ಶುದ್ಧವಾಗಿ ಬೇರ್ಪಡಿಸಿ ರಚನೆಯನ್ನು ತಿಳಿಸಿದರು.

ಅತ್ಯಂತ ಗಟ್ಟಿ ಪುರಾವೆ ಇರುವುದು ಮೂರ್ಛೆರೋಗದ ಕೆಲವು ಅಪರೂಪದ ಬಗೆಗಳಲ್ಲಿ. ಕಲ್ಕತ್ತೆಯಲ್ಲಿದ್ದ ವೈದ್ಯ ವಿಲಿಯಂ ಓಶಾನೆಸಿ 1839ರ ಸುಮಾರಿಗೇ ಗಾಂಜಾ ಸಾರವನ್ನು ಸೆಳವಿಗೆ ಕೊಟ್ಟು ನೋಡಿದ್ದ. ಆದರೆ ಕೆಲವು ರೋಗಿಗಳ ಅನುಭವ ಪುರಾವೆಯಾಗದು. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ಅಪರೂಪದ ಬಗೆಯಾದ ಡ್ರಾವೆ ಸಿಂಡ್ರೋಮ್ ಇದ್ದ 120 ಮಕ್ಕಳು ಮತ್ತು ಯುವಜನರನ್ನು ಎರಡು ಗುಂಪು ಮಾಡಲಾಗಿತ್ತು. ಸಿಬಿಡಿ ಪಡೆದವರಲ್ಲಿ ತಿಂಗಳ ಸೆಳವುಗಳ ಮಧ್ಯಾಂಕ 12.4ರಿಂದ 5.9ಕ್ಕೆ ಇಳಿಯಿತು, ಹುಸಿಮದ್ದು ಪಡೆದವರಲ್ಲಿ 14.9 ಇದ್ದದ್ದು 14.1 ಆಯಿತು, ಅಷ್ಟೇ. ಮರುವರ್ಷ ಅಮೆರಿಕ ಈ ಶುದ್ಧ ಸಿಬಿಡಿ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಪ್ರಯೋಗದಲ್ಲಿ ಕೊಟ್ಟದ್ದು ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 20 ಮಿ.ಗ್ರಾಂ.; ಅಂದರೆ 20 ಕೆ.ಜಿ. ತೂಗುವ ಮಗುವಿಗೆ 400 ಮಿ.ಗ್ರಾಂ. ಅಂಗಡಿಯ ಸಿಬಿಡಿ ಎಣ್ಣೆಯ ನಾಲ್ಕು ಹನಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಯಕೃತ್ತಿನ ಕಿಣ್ವಗಳು ಏರುವ ಅಪಾಯವೂ ಉಂಟು. ಕೀಮೋಥೆರಪಿಯ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯುಸೆಡೆತ ಇವುಗಳಲ್ಲೂ ಕ್ಯಾನಬಿನಾಯ್ಡ್ ಔಷಧಗಳು ಪ್ರಯೋಜನಕ್ಕೆ ಬಂದಿವೆ. ಕ್ಯಾನ್ಸರ್ ಗುಣವಾಗುತ್ತದೆ ಎಂಬುದು ಮಾತ್ರ ಪ್ರಯೋಗಾಲಯದ ಜೀವಕೋಶಗಳನ್ನೂ ಇಲಿಗಳನ್ನೂ ನೋಡಿ ಹಬ್ಬಿಸಿದ ಮಾತು.

ಎಲೆ: ಭಂಗಿ ಸೊಪ್ಪಿನಲ್ಲಿ ಟಿಎಚ್‌ಸಿ ಹೂವಿಗಿಂತ ಕಡಿಮೆ, ಆದರೆ ಇದೆ. ಗಿಡದಲ್ಲಿರುವ ಕ್ಯಾನ್‌ಫ್ಲೇವಿನ್ ಎಂಬ ಫ್ಲೇವನಾಯ್ಡ್ ಆಸ್ಪಿರಿನ್‌ಗಿಂತ 30 ಪಟ್ಟು ಪ್ರಬಲ ಎನ್ನುವವರಿದ್ದಾರೆ. ಆ ಲೆಕ್ಕ 1980ರ ದಶಕದಲ್ಲಿ ಕೀಲಿನ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಉರಿಯೂತದ ಒಂದೇ ರಾಸಾಯನಿಕವನ್ನು ಅಳೆದಾಗ ಸಿಕ್ಕಿದ್ದು; ಮನುಷ್ಯರ ನೋವನ್ನು ಅಳೆದದ್ದಲ್ಲ.

ಬೀಜ ಮತ್ತು ಬೇರು: ಬೀಜದೊಳಗೆ ಕ್ಯಾನಬಿನಾಯ್ಡ್ ಇಲ್ಲವೆನ್ನುವಷ್ಟು ಕಡಿಮೆ, ಸಿಗುವ ಅಲ್ಪಸ್ವಲ್ಪವೂ ಹೆಚ್ಚಾಗಿ ಸಿಪ್ಪೆಗೆ ಅಂಟಿದ ಮೇಣದ್ದು. ಬೀಜದೆಣ್ಣೆ ಲಿನೊಲೀಕ್‌ನಂಥ ಕೊಬ್ಬಿನಾಮ್ಲಗಳಿರುವ ಒಳ್ಳೆಯ ಆಹಾರ, ಸಿಬಿಡಿ ಎಣ್ಣೆಯಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಬೀಜ ಮತ್ತದರ ಎಣ್ಣೆ, ಹಿಟ್ಟುಗಳನ್ನು ಒಪ್ಪಿಕೊಂಡದ್ದೂ ಆಹಾರವೆಂದೇ. ಬೇರನ್ನು ಕುದಿಸಿ ಕೀಲುನೋವಿಗೆ ಬಳಸುವ ವಿಚಾರ ರೋಮಿನ ಪ್ಲಿನಿಯ ಬರಹದಲ್ಲೇ ಇದೆ. ಬೇರಿನಲ್ಲಿ ಫ್ರೀಡೆಲಿನ್‌ನಂಥ ಟ್ರೈಟರ್ಪೀನ್ ಸಂಯುಕ್ತಗಳಿವೆ.

ಭಾರತದ 1985ರ ಮಾದಕ ವಸ್ತುಗಳ ಕಾಯ್ದೆ ಹೂ-ಕಾಯಿ ಬಿಟ್ಟ ತುದಿಗಳನ್ನು ಗಾಂಜಾ ಎಂದು ಗುರುತಿಸಿ, ತುದಿಗಳಿಲ್ಲದ ಬರಿಯ ಎಲೆ ಮತ್ತು ಬೀಜವನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಭಂಗಿ ನಿರಪಾಯಕಾರಿ ಎನ್ನುವುದಕ್ಕೆ ಇದನ್ನೇ ಆಧಾರವಾಗಿ ತೋರಿಸುವುದುಂಟು. ಆದರೆ ಕಾಯ್ದೆ ಎಲೆಯಲ್ಲಿನ ಟಿಎಚ್‌ಸಿಯನ್ನು ಅಳೆದು ಈ ಗೆರೆ ಎಳೆದದ್ದಲ್ಲ.